‘ಸಾಲ’ ಬೇಡ, ಚಿಲ್ಲರೆ ಮಾಡಿಸಿ: ದಶಕದ ಕಳೆಯುವ ಲೆಕ್ಕ ಕಲಿಸಲು ಸಮಗ್ರ ಮಾರ್ಗದರ್ಶಿ

ದಸರಾ ರಜೆ ಮುಗಿದು ಶಾಲೆ ಶುರುವಾದ ಮೇಲೆ ನನಗೆ ಬರುವ ಪ್ರಶ್ನೆ ಒಂದೇ. "ಕೂಡೋದು ಹೇಗೋ ಮಾಡ್ತಾನೆ ಮಿಸ್, ಕಳೆಯೋದ್ರಲ್ಲಿ ದಶಕ ಬಂದ್ರೆ ಮುಗೀತು." ದಶಕ ಅಂದರೆ, ಬಿಡಿಸ್ಥಾನದಲ್ಲಿ ಕಳೆಯಲು ಸಾಲದಿದ್ದಾಗ ಪಕ್ಕದ ಹತ್ತರ ಸ್ಥಾನದಿಂದ ಒಂದು ಹತ್ತನ್ನು ತರುವುದು. ಕೇಳುವವರು ಹೊಸದಾಗಿ ಸೇರಿದ ಅತಿಥಿ ಶಿಕ್ಷಕರು, ಮನೆಯಲ್ಲಿ ಹೋಂವರ್ಕ್ ಮಾಡಿಸಿ ಸುಸ್ತಾದ ಅಮ್ಮಂದಿರು, ಟ್ಯೂಷನ್ ಹೇಳುವ ಡಿಗ್ರಿ ಹುಡುಗಿಯರು. ಎಲ್ಲರೂ ಒಂದೇ ಕಡೆ ಎಡವುತ್ತಾರೆ, ಅದಕ್ಕೇ ಒಟ್ಟಿಗೆ ಬರೆದುಬಿಡುತ್ತಿದ್ದೇನೆ.

ನಾನು ದಾವಣಗೆರೆ ಜಿಲ್ಲೆಯ ಹಳ್ಳಿ ಶಾಲೆಯೊಂದರಲ್ಲಿ ಎರಡು, ಮೂರನೇ ತರಗತಿಗೆ ಪಾಠ ಮಾಡುವವಳು. ಎಷ್ಟೋ ವರ್ಷ ನಾನೂ ಎಲ್ಲರ ಹಾಗೆ "2ರಲ್ಲಿ 8 ಹೋಗಲ್ಲ, ಪಕ್ಕದ ಮನೆಗೆ ಹೋಗಿ ಒಂದು ಸಾಲ ತಗೊಂಡು ಬಾ" ಅಂತಲೇ ಹೇಳಿಕೊಟ್ಟೆ. ಒಂದು ದಿನ ಮೂರನೇ ತರಗತಿಯ ಒಬ್ಬ ಹುಡುಗ ಎದ್ದು ನಿಂತು, "ಮಿಸ್, ಆ ಸಾಲ ಯಾವಾಗ ವಾಪಸ್ ಕೊಡೋದು?" ಅಂದ. ಕ್ಲಾಸೆಲ್ಲ ನಕ್ಕಿತು. ನನಗೆ ಉತ್ತರ ಇರಲಿಲ್ಲ. ಅವನು ಕೇಳಿದ್ದು ಸರಿಯಾಗಿಯೇ ಇತ್ತು, ಅಲ್ವಾ? ಸಾಲ ಅಂದರೆ ತೀರಿಸಬೇಕು. ಮತ್ತೆ "ಒಂದು" ತಂದರೆ ಅದು ಹತ್ತು ಹೇಗಾಯ್ತು? ನಾವು ಹೇಳುವ ಕಥೆಯಲ್ಲಿ ಈ ಎರಡಕ್ಕೂ ಜಾಗ ಇಲ್ಲ.

ಅವತ್ತಿನಿಂದ ‘ಸಾಲ’ ಬಿಟ್ಟೆ, ‘ಚಿಲ್ಲರೆ’ ಹಿಡಿದೆ. ಹತ್ತರ ನೋಟು ಕೊಟ್ಟರೆ ಹತ್ತು ಒಂದರ ನಾಣ್ಯ. ದುಡ್ಡು ಹೆಚ್ಚಾಗಲಿಲ್ಲ, ಕಡಿಮೆಯೂ ಆಗಲಿಲ್ಲ, ಯಾರಿಗೂ ಏನೂ ವಾಪಸ್ ಕೊಡಬೇಕಿಲ್ಲ. ಕೆಳಗಿನ ಹಂತಗಳೆಲ್ಲ ಈ ಒಂದು ಮಾತಿನ ಮೇಲೆ ನಿಂತಿವೆ. ನನಗೆ ಸಾಮಾನ್ಯವಾಗಿ ಹತ್ತು ಹನ್ನೆರಡು ಪೀರಿಯಡ್ ಹಿಡಿಯುತ್ತದೆ. ಮನೆಯಲ್ಲಿ ಒಂದೇ ಮಗುವಾದರೆ ದಿನಕ್ಕೆ ಇಪ್ಪತ್ತು ನಿಮಿಷ ಸಾಕು.

ಹಂತ 1: ಕಲಿಸುವ ಮೊದಲು ತಪ್ಪು ಉತ್ತರ ಓದಿ

ಸ್ಲೇಟಿನ ಮೇಲೆ ಮೂರೇ ಲೆಕ್ಕ ಕೊಡಿ: 58 − 23, 52 − 28, 40 − 13. ಏನೂ ಹೇಳಿಕೊಡಬೇಡಿ. ಸರಿ ತಪ್ಪು ಗುರುತು ಹಾಕಬೇಡಿ. ಉತ್ತರ ಮಾತ್ರ ಬರೆದಿಟ್ಟುಕೊಳ್ಳಿ.

52 − 28ಕ್ಕೆ ಸರಿ ಉತ್ತರ 24. ಆದರೆ ನಮಗೆ ಬೇಕಾಗಿರುವುದು ತಪ್ಪು ಉತ್ತರಗಳು, ಒಂದೊಂದೂ ಒಂದೊಂದು ಕಥೆ ಹೇಳುತ್ತದೆ.

36 ಬಂದರೆ ಮಗು ಬಿಡಿಸ್ಥಾನದಲ್ಲಿ ದೊಡ್ಡದರಿಂದ ಚಿಕ್ಕದನ್ನು ಕಳೆದಿದೆ, 8ರಲ್ಲಿ 2. ಮೇಲೆ ಕೆಳಗೆ ಅನ್ನುವುದು ಅದಕ್ಕೆ ಲೆಕ್ಕಕ್ಕಿಲ್ಲ. 34 ಬಂದರೆ ದಶಕ ತಂದಿದೆ, ಆದರೆ 5ನ್ನು 4 ಮಾಡುವುದು ಮರೆತಿದೆ. 22 ಬಂದರೆ ಹತ್ತರಲ್ಲಿ 8 ಕಳೆದು 2 ಬರೆದು, ಮೊದಲೇ ಅಲ್ಲಿದ್ದ 2ನ್ನು ಬಿಟ್ಟುಬಿಟ್ಟಿದೆ. 25 ಅಥವಾ 23 ಬಂದರೆ ವಿಷಯ ಗೊತ್ತಿದೆ, ಬೆರಳೆಣಿಕೆ ಒಂದು ಜಾರಿದೆ ಅಷ್ಟೇ. 80 ಬಂದರೆ ಚಿಹ್ನೆಯನ್ನೇ ನೋಡಿಲ್ಲ, ಕೂಡಿಬಿಟ್ಟಿದೆ.

40 − 13ಕ್ಕೆ 33 ಬಂದರೆ ಅದೇ ತಲೆಕೆಳಗಿನ ತಪ್ಪು. 30 ಬಂದರೆ "ಸೊನ್ನೆಯಲ್ಲಿ ಏನೂ ಇಲ್ಲ, ಹಾಗಾಗಿ ಸೊನ್ನೆ" ಅನ್ನುವ ತರ್ಕ. 58 − 23ಕ್ಕೆ 215 ಅಂತ ಬರೆಯುವ ಮಕ್ಕಳೂ ಇರುತ್ತಾರೆ. ಅವರು ಬೇಕಿಲ್ಲದಿದ್ದರೂ ದಶಕ ತಂದು 18ರಲ್ಲಿ 3 ಕಳೆದು 15 ಅಂತ ಹಾಗೇ ಕೂರಿಸಿರುತ್ತಾರೆ. ನಾವು ಒಂದು ವಾರ ಬರೀ ದಶಕದ ಲೆಕ್ಕವನ್ನೇ ತಿಕ್ಕಿದ್ದರ ಫಲ ಅದು.

ಇಲ್ಲಿ ಒಂದು ಸೂಕ್ಷ್ಮ ಇದೆ, ನನಗೇ ಬಹಳ ತಡವಾಗಿ ಹೊಳೆದದ್ದು. ನಾನು ಮೊದಲು 52 − 27 ಕೊಡುತ್ತಿದ್ದೆ. ಅದರಲ್ಲಿ ತಲೆಕೆಳಗೆ ಕಳೆದರೂ 35, 5ನ್ನು 4 ಮಾಡಲು ಮರೆತರೂ 35. ಎರಡು ಬೇರೆ ಕಾಯಿಲೆಗೆ ಒಂದೇ ಜ್ವರ! ಬಿಡಿಸ್ಥಾನದ ಎರಡು ಅಂಕಿಗಳ ನಡುವೆ 5ರ ವ್ಯತ್ಯಾಸ ಇದ್ದರೆ ಯಾವಾಗಲೂ ಹೀಗೇ ಆಗುತ್ತದೆ. ಆದ್ದರಿಂದ ಪರೀಕ್ಷೆಗೆ 63 − 38, 71 − 46 ತರದ ಲೆಕ್ಕ ಕೊಡಬೇಡಿ.

ಹಂತ 2: ಸಾಮಾನು ಜೋಡಿಸಿಕೊಳ್ಳಿ

ನೂರು ಕಡ್ಡಿ, ಹದಿನೈದು ರಬ್ಬರ್ ಬ್ಯಾಂಡ್, ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಎರಡು ಮನೆ ಗೆರೆ ಹಾಕಿದ ಹಾಳೆ (ಎಡಕ್ಕೆ ಹತ್ತು, ಬಲಕ್ಕೆ ಬಿಡಿ), ಸ್ಲೇಟು, ಬಳಪ, ಚೌಕುಳಿ ನೋಟ್‌ಬುಕ್. ಕಡ್ಡಿಗೆ ತೆಂಗಿನ ಕಸಬರಿಗೆ ಸಾಕು, ಬೆರಳುದ್ದ ಕತ್ತರಿಸಿ ತುದಿ ಚುಚ್ಚದಂತೆ ಉಜ್ಜಿ. ಬೆಂಕಿಕಡ್ಡಿಯಾದರೆ ಮದ್ದು ಕೆರೆದು ತೆಗೆದಿರಬೇಕು.

ಕಾಳು ಬೇಡ. ನಮ್ಮ ಕಡೆ ಮೆಕ್ಕೆಜೋಳ ಮನೆ ತುಂಬ ಇರುತ್ತದೆ, ಎಣಿಸಲು ಚೆನ್ನಾಗಿಯೂ ಇರುತ್ತದೆ. ಆದರೆ ಕಾಳನ್ನು ಹತ್ತರ ಕಟ್ಟು ಮಾಡಲು ಬರುವುದಿಲ್ಲ, ಪೊಟ್ಟಣ ಕಟ್ಟಿದರೆ ಒಳಗಿರುವುದು ಕಾಣುವುದಿಲ್ಲ. ಚಳ್ಳಕೆರೆ ಕಡೆಯ ಗೆಳತಿಯೊಬ್ಬಳು ಶೇಂಗಾ ಇಟ್ಟುಕೊಂಡು ಕಳೆಯುವ ಲೆಕ್ಕ ಮಾಡಿಸಿದಳು. ಕಳೆಯುವುದೇನೋ ಬಹಳ ಚೆನ್ನಾಗಿ ಆಯಿತಂತೆ, ಪೀರಿಯಡ್ ಮುಗಿಯುವಷ್ಟರಲ್ಲಿ ಒಂದು ಬೀಜ ಉಳಿದಿರಲಿಲ್ಲ.

ದಾರವೂ ಬೇಡ. ನಾನೊಮ್ಮೆ ಅಚ್ಚುಕಟ್ಟಾಗಿರಲಿ ಅಂತ ಕಟ್ಟುಗಳಿಗೆ ದಾರ ಸುತ್ತಿ ಗಂಟು ಹಾಕಿ ತಂದೆ. ಮಕ್ಕಳು ಹಲ್ಲಿನಿಂದ ಗಂಟು ಬಿಚ್ಚುತ್ತಾ ಕೂತರು, ಅರ್ಧ ಪೀರಿಯಡ್ ಅದರಲ್ಲೇ ಹೋಯಿತು. ಕಟ್ಟು ಇರುವುದೇ ಬಿಚ್ಚಲಿಕ್ಕೆ.

ಹಂತ 3: ಕಟ್ಟು ಕಟ್ಟಿಸಿ, ಆಮೇಲೆ ‘5 ತೋರಿಸು’ ಅನ್ನಿ

ಕಟ್ಟನ್ನು ಮಗುವೇ ಕಟ್ಟಬೇಕು. ನೀವು ಕಟ್ಟಿ ಕೊಟ್ಟರೆ ಅದು ಮಗುವಿಗೆ ‘ಒಂದು ದಪ್ಪ ಕಡ್ಡಿ’ ಅಷ್ಟೇ. ಒಂದು ಹಿಡಿ ಕಡ್ಡಿ ಕೊಟ್ಟು ಎಣಿಸಿ ಹತ್ತತ್ತು ಮಾಡಿ ರಬ್ಬರ್ ಹಾಕಲು ಹೇಳಿ. ಒಂಬತ್ತಕ್ಕೇ ರಬ್ಬರ್ ಹಾಕಿದ ಕಟ್ಟು ಸಿಕ್ಕೇ ಸಿಗುತ್ತದೆ, ಪಕ್ಕದವರಿಂದ ಎಣಿಸಿ ತಾಳೆ ನೋಡಿಸಿ.

ಈಗ ಹಾಳೆಯ ಮೇಲೆ 52 ಇಡಿಸಿ. ಐದು ಕಟ್ಟು, ಎರಡು ಬಿಡಿ. ಸ್ಲೇಟಿನ ಮೇಲೆ 52 ಬರೆದು, 5ರ ಮೇಲೆ ಬೆರಳಿಟ್ಟು, "ಇದು ಕಡ್ಡಿಯಲ್ಲಿ ಎಲ್ಲಿದೆ, ತೋರಿಸು" ಅನ್ನಿ.

ಐದು ಕಟ್ಟಿನ ಮೇಲೆ ಕೈಯಿಟ್ಟರೆ ಮುಂದೆ ಹೋಗಿ. ಐದು ಬಿಡಿ ಕಡ್ಡಿ ಹುಡುಕಲು ಶುರು ಮಾಡಿದರೆ ಅಲ್ಲೇ ನಿಲ್ಲಿಸಿ. ಆ ಮಗುವಿಗೆ ಸ್ಥಾನಬೆಲೆ ಇನ್ನೂ ಕೂತಿಲ್ಲ, ಅದಕ್ಕೆ ಕಳೆಯುವುದು ಈಗ ಬೇಡ. ಎರಡು ಮೂರು ದಿನ ಬರೀ ಸಂಖ್ಯೆ ಇಡುವುದು, ಓದುವುದು ಮಾಡಿಸಿ. ಈ ಪರೀಕ್ಷೆ ಬಿಟ್ಟು ಮುಂದೆ ಹೋದವರೇ ಆಮೇಲೆ ನನ್ನ ಹತ್ತಿರ "ಎಷ್ಟು ಹೇಳಿದರೂ ತಲೆಗೆ ಹೋಗ್ತಿಲ್ಲ" ಅನ್ನುವವರು.

ಕನ್ನಡದಲ್ಲಿ ನಮಗೊಂದು ಅನುಕೂಲ ಇದೆ, ಬಳಸಿಕೊಳ್ಳಿ. ನಮ್ಮ ಸಂಖ್ಯೆಯ ಹೆಸರಿನಲ್ಲೇ ಕಟ್ಟು ಕೂತಿದೆ: ಐವತ್ತು ಅಂದರೆ ಐದು ಹತ್ತು, ಅರವತ್ತು ಅಂದರೆ ಆರು ಹತ್ತು. "ಐವತ್ತೆರಡು" ಅಂತ ನಿಧಾನಕ್ಕೆ ಬಿಡಿಸಿ ಹೇಳಿಸುತ್ತಾ ಕಟ್ಟು ಮುಟ್ಟಿಸಿ. ತೊಂಬತ್ತು ಮಾತ್ರ ಕೈ ಕೊಡುತ್ತದೆ, ಎಂಬತ್ತು ತೊಂಬತ್ತು ಅದಲು ಬದಲಾಗುತ್ತಲೇ ಇರುತ್ತದೆ, ಅವೆರಡನ್ನು ಜಾಸ್ತಿ ಸಲ ಮಾಡಿಸಿ. ಮನೆಯಲ್ಲಿ ಉರ್ದು ಮಾತಾಡುವ ಮಕ್ಕಳಿಗೆ ಈ ಅನುಕೂಲ ಇಲ್ಲ. 29ಕ್ಕೆ ಅವರು ಉಂತೀಸ್ ಅನ್ನುತ್ತಾರೆ, ಅದರಲ್ಲಿ ಕೇಳುವುದು ತೀಸ್, ಅಂದರೆ 30. ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಥರ್ಟೀನ್, ಥರ್ಟಿ ಕಿವಿಗೆ ಒಂದೇ. ಇವರ ಜೊತೆ ಯಾವ ಭಾಷೆಯಲ್ಲಾದರೂ ಸರಿ, "ಎಷ್ಟು ಕಟ್ಟು, ಎಷ್ಟು ಬಿಡಿ" ಅಂತಲೇ ಕೇಳಿ.

ಹಂತ 4: ಹತ್ತರ ಜೋಡಿ

1–9, 2–8, 3–7, 4–6, 5–5. ಇಷ್ಟು ಬಾಯಿಗೆ ಬಂದರೆ ಸಾಕು. ನೀವು ಎಂಟು ಬೆರಳು ತೋರಿಸಿದರೆ ಮಗು ತಕ್ಷಣ "ಎರಡು" ಅನ್ನಬೇಕು. ದಿನಾ ಹಾಜರಿ ಹಾಕುವಾಗ ಎರಡು ನಿಮಿಷ ಇದನ್ನು ಆಡಿಸಿ. ಮಗ್ಗಿಗೆ ಕೊಡುವ ಗಮನದ ಕಾಲು ಭಾಗ ಇದಕ್ಕೆ ಕೊಟ್ಟರೂ ಮುಂದಿನ ದಾರಿ ಸಲೀಸು. ಯಾಕೆ ಅಂತ ಮುಂದಿನ ಹಂತದಲ್ಲಿ ಗೊತ್ತಾಗುತ್ತದೆ.

ಹಂತ 5: ಕಟ್ಟು ಬಿಚ್ಚುವುದು, ಬರೆಯುವುದು ಇಲ್ಲ

ಇಡೀ ಪಾಠದ ಜೀವ ಇಲ್ಲಿದೆ, ಇಲ್ಲಿ ಆತುರ ಬೇಡ. ಪೆನ್ಸಿಲ್ ಬ್ಯಾಗಿನೊಳಗೆ ಹೋಗಲಿ.

ಹಾಳೆಯ ಮೇಲೆ 52 ಇಡಿಸಿ. 28ನ್ನು ಕಡ್ಡಿಯಲ್ಲಿ ಇಡಬೇಡಿ! ಬಹಳ ಜನ ಎರಡೂ ಸಂಖ್ಯೆಗೆ ಕಡ್ಡಿ ಇಡಿಸುತ್ತಾರೆ. ಎದುರಿಗೆ ಎರಡು ರಾಶಿ ಕಂಡರೆ ಮಗು ಕೂಡಿಸದೆ ಇನ್ನೇನು ಮಾಡುತ್ತದೆ? ಕಳೆಯುವಾಗ ಇರುವುದು ಒಂದೇ ರಾಶಿ. 28 ಅನ್ನುವುದು ಒಂದು ಚೀಟಿ, ಅಂಗಡಿಯವರ ಬಿಲ್ಲು ಇದ್ದ ಹಾಗೆ.

ಈಗ ಮಗುವಿಗೆ ಹೇಳಿ: "ಬಿಡಿಯಲ್ಲಿ ಎಂಟು ಕೊಡು." ಮಗುವಿನ ಹತ್ತಿರ ಎರಡೇ ಇದೆ. ಅದು ನಿಮ್ಮ ಮುಖ ನೋಡುತ್ತದೆ. ನೀವು ಸುಮ್ನೆ ಇರಿ. ಇದು ಕಷ್ಟ, ನನಗೆ ಗೊತ್ತು, ನಮಗೆ ಬಾಯಿ ತುರಿಸುತ್ತದೆ. ಒಂದು ಸಲ ನನ್ನ ಕ್ಲಾಸಿನ ಹುಡುಗಿಯೊಬ್ಬಳು ಎರಡು ಕಡ್ಡಿ ಕೈಯಲ್ಲಿ ಹಿಡಿದು, ಕಟ್ಟುಗಳನ್ನೊಮ್ಮೆ ನನ್ನನ್ನೊಮ್ಮೆ ನೋಡಿ, ಬಹಳ ಹೊತ್ತಾದ ಮೇಲೆ "ಇದನ್ನ ಬಿಚ್ಲಾ?" ಅಂತ ಮೆಲ್ಲಗೆ ಕೇಳಿದಳು, ಏನೋ ಕದಿಯುತ್ತಿದ್ದೇನೆ ಅನ್ನುವ ಹಾಗೆ. ಆ ಪ್ರಶ್ನೆ ಅವಳ ಬಾಯಿಂದಲೇ ಬರಬೇಕಿತ್ತು, ಬಂತು. ಆಮೇಲೆ ಅವಳಿಗೆ ನಾನು ದಶಕ ಅಂತ ಬೇರೆ ಪಾಠ ಮಾಡಲೇ ಇಲ್ಲ.

ಬಿಚ್ಚುವ ಕ್ರಮ ಹೀಗೆ: ಮೊದಲು ಒಂದು ಕಟ್ಟನ್ನು ಹತ್ತರ ಮನೆಯಿಂದ ಎತ್ತಲಿ. ಅಲ್ಲೇ ತಡೆದು ಕೇಳಿ, "ಆ ಮನೆಯಲ್ಲಿ ಈಗ ಎಷ್ಟು ಕಟ್ಟು?" ನಾಲ್ಕು. ಆಮೇಲೆ ಬಿಡಿ ಮನೆಯಲ್ಲಿ ರಬ್ಬರ್ ಬಿಚ್ಚಲಿ. "ಈಗ ಬಿಡಿ ಎಷ್ಟು?" ಹನ್ನೆರಡು. ಮೂರನೇ ಪ್ರಶ್ನೆ ಮರೆಯಬೇಡಿ: "ಒಟ್ಟು ಎಷ್ಟು ಕಡ್ಡಿ ಇದೆ ಈಗ?" ಅನೇಕ ಮಕ್ಕಳು 62 ಅನ್ನುತ್ತಾರೆ, ಕೆಲವರು ಮೊದಲಿಂದ ಎಣಿಸುತ್ತಾರೆ. ಎಣಿಸಲಿ, ಬಿಡಿ. 52 ಅಂತ ಅವರೇ ಕಂಡುಕೊಳ್ಳುವವರೆಗೆ ಮುಂದೆ ಹೋಗಬೇಡಿ.

ಆಮೇಲೆ ಎಂಟು ಕೊಡುವುದು. ಬಿಚ್ಚಿದ ಹತ್ತರಲ್ಲಿ ಎಂಟು ಕೊಟ್ಟರೆ ಎರಡು ಉಳಿಯಿತು, ಮೊದಲೇ ಇದ್ದದ್ದು ಎರಡು, ಸೇರಿ ನಾಲ್ಕು. ನೋಡಿ, 12 − 8 ಅಂತ ಬೇರೆ ಬಾಯಿಪಾಠ ಬೇಕಾಗಲಿಲ್ಲ, ಹತ್ತರ ಜೋಡಿಯೇ ಕೆಲಸ ಮಾಡಿತು. ಹಂತ 1ರಲ್ಲಿ 22 ಬರೆದ ಮಕ್ಕಳನ್ನು ಇಲ್ಲಿ ಹತ್ತಿರ ಕೂರಿಸಿಕೊಳ್ಳಿ, ಅವರು ಮರೆತದ್ದು ಆ ಹಳೆಯ ಎರಡು ಕಡ್ಡಿಯನ್ನೇ. ಅವಕ್ಕೆ ಒಂದಿಷ್ಟು ಬಣ್ಣ ಹಚ್ಚಿಟ್ಟರೂ ಆಯಿತು. ಕೊನೆಗೆ ಎರಡು ಕಟ್ಟು ಕೊಡುವುದು. ಉಳಿದದ್ದು ಎರಡು ಕಟ್ಟು, ನಾಲ್ಕು ಬಿಡಿ.

ದಿನಕ್ಕೆ ನಾಲ್ಕೈದು ಲೆಕ್ಕ, ಮೂರು ದಿನ. ಮೂವತ್ತು ಮಕ್ಕಳಿದ್ದರೆ ಜೋಡಿ ಮಾಡಿ: ಒಬ್ಬರು ಚೀಟಿ ಹಿಡಿದು ಕೇಳುವವರು, ಇನ್ನೊಬ್ಬರು ಕೊಡುವವರು. ಗಲಾಟೆ ಆಗುತ್ತದೆ. ಆಗಲಿ.

ಹಂತ 6: ನೋಟು, ಚಿಲ್ಲರೆ

ಕಾಗದದ ಹತ್ತರ ನೋಟು, ಒಂದರ ನಾಣ್ಯ ಮಾಡಿಕೊಳ್ಳಿ. ಒಬ್ಬರು ಮಂಡಕ್ಕಿ ಅಂಗಡಿಯವರು, ಒಬ್ಬರು ಗಿರಾಕಿ, ನಡುವೆ ಒಬ್ಬರು ಚಿಲ್ಲರೆ ಕೊಡುವವರು. ಗಿರಾಕಿ ಹತ್ತಿರ ಐದು ಹತ್ತು, ಎರಡು ಒಂದು. ಮಂಡಕ್ಕಿ ಮಿರ್ಚಿ ಬಿಲ್ಲು 28. ಗಿರಾಕಿ ಸರಿಯಾಗಿ 28 ಎಣಿಸಿ ಕೊಡಬೇಕು ಅನ್ನುವುದೇ ನಿಯಮ, ಜಾಸ್ತಿ ಕೊಟ್ಟು ವಾಪಸ್ ಕೇಳುವ ಹಾಗಿಲ್ಲ.

ಕಡ್ಡಿಗೂ ದುಡ್ಡಿಗೂ ಒಂದು ವ್ಯತ್ಯಾಸ ಇದೆ. ಕಟ್ಟಿನೊಳಗೆ ಹತ್ತು ಕಡ್ಡಿ ಕಾಣುತ್ತವೆ, ನೋಟಿನೊಳಗೆ ಏನೂ ಕಾಣುವುದಿಲ್ಲ. ಅಂದರೆ ನೋಟು ಬರೆಯುವ ಅಂಕಿಗೆ ಒಂದು ಹೆಜ್ಜೆ ಹತ್ತಿರ. ಅದಕ್ಕೇ ಕಡ್ಡಿ ಮೊದಲು, ದುಡ್ಡು ಆಮೇಲೆ. ಈ ಕ್ರಮ ತಿರುಗಿಸಿದರೆ ಕೆಡುತ್ತದೆ.

ಈಗಿನ ಮಕ್ಕಳಿಗೆ ಚಿಲ್ಲರೆ ಅಂದರೆ ಏನು ಅಂತಲೇ ಸರಿಯಾಗಿ ಗೊತ್ತಿರುವುದಿಲ್ಲ, ಅದನ್ನೂ ಹೇಳಬೇಕು. ಅಪ್ಪ ಅಂಗಡಿಯಲ್ಲಿ ಫೋನ್ ತೋರಿಸಿ ಬರುವುದನ್ನೇ ಅವು ನೋಡಿರುವುದು. ಹಾಗಿದ್ದರೆ ಈ ಹಂತಕ್ಕೆ ಒಂದು ದಿನ ಹೆಚ್ಚು ಕೊಡಿ. ಮನೆಯವರಿಗೆ, ವಾರದಲ್ಲಿ ಒಂದೆರಡು ಸಲ ಮಗುವಿನ ಕೈಗೆ ನೋಟು ಕೊಟ್ಟು ಅಂಗಡಿಗೆ ಕಳಿಸಿ ಅನ್ನಿ.

ಹಂತ 7: ಕೈಯ ಒಂದು ಕೆಲಸಕ್ಕೆ ಪೆನ್ಸಿಲಿನ ಒಂದು ಗುರುತು

ಈಗ ಬರೆಯಬಹುದು. ಮೊದಲ ದಿನ ಮಗು ಕಡ್ಡಿ ಆಡಿಸಲಿ, ನೀವು ಬೋರ್ಡಿನ ಮೇಲೆ ಬರೆಯಿರಿ. ಎರಡನೇ ದಿನ ಒಬ್ಬ ಆಡಿಸುವುದು, ಪಕ್ಕದವನು ಬರೆಯುವುದು. ಮೂರನೇ ದಿನ ಎರಡೂ ಒಬ್ಬನೇ.

ಮಗು ಕಟ್ಟು ಎತ್ತಿತು: 5 ಹೊಡೆದು ಮೇಲೆ 4 ಬರೆಯಿರಿ. ಮಗು ರಬ್ಬರ್ ಬಿಚ್ಚಿತು: 2 ಹೊಡೆದು ಮೇಲೆ 12 ಬರೆಯಿರಿ. ಈ ಕ್ರಮ ಮುಖ್ಯ. ಮೊದಲು 12 ಮಾಡಿಕೊಂಡ ಮಕ್ಕಳು ಕಳೆಯುವ ಖುಷಿಯಲ್ಲಿ 4 ಮಾಡುವುದನ್ನು ಮರೆಯುತ್ತಾರೆ, ಆ 34 ಹುಟ್ಟುವುದೇ ಅಲ್ಲಿ. ಹಾಗೆಯೇ 2ರ ತಲೆ ಪಕ್ಕ ಒಂದು ಚಿಕ್ಕ 1 ಬರೆದು ಬಿಡುವ ಅಭ್ಯಾಸ ಬೇಡ. ನಮಗೆ ಅದು 12, ಮಗುವಿಗೆ ಅದು ‘ಎಲ್ಲಿಂದಲೋ ಬಂದ ಒಂದು’. ಪೂರ್ತಿ 12 ಬರೆಸಿ, ಚೌಕುಳಿ ಪುಸ್ತಕದಲ್ಲಿ ಮೇಲೆ ಒಂದು ಸಾಲು ಖಾಲಿ ಬಿಡಿಸಿ.

ಮನೆಯಲ್ಲಿ ಅಜ್ಜನೋ ಅಪ್ಪನೋ ಬೇರೆ ರೀತಿ ಹೇಳಿಕೊಡಬಹುದು: ಮೇಲಿನ 2ನ್ನು 12 ಮಾಡು, ಕೆಳಗಿನ 2ನ್ನು 3 ಮಾಡು, ಆಮೇಲೆ 5ರಲ್ಲಿ 3 ಕಳೆ. ಅದೂ ಸರಿಯೇ, ಉತ್ತರವೂ 24. ತಪ್ಪು ಅನ್ನಬೇಡಿ, ಮನೆಯವರ ಮರ್ಯಾದೆ ಪ್ರಶ್ನೆ. ಆದರೆ ಕಲಿಯುವ ಎರಡು ವಾರ ಒಂದೇ ದಾರಿ ಇರಲಿ ಅಂತ ಕೇಳಿಕೊಳ್ಳಿ. ಎರಡೂ ಬೆರೆತರೆ ಮಗು ಮೇಲೆ 4 ಮಾಡಿ ಕೆಳಗೆ 3 ಮಾಡಿ 14 ತಂದು ನಿಲ್ಲಿಸುತ್ತದೆ.

ಹಂತ 8: ‘ಬಿಚ್ಚಬೇಕಾ, ಬೇಡ್ವಾ?’

ಹತ್ತು ಲೆಕ್ಕ ಬರೆಯಿರಿ, ಅರ್ಧಕ್ಕೆ ದಶಕ ಬೇಕು, ಅರ್ಧಕ್ಕೆ ಬೇಡ. ಮಾಡುವುದು ಬೇಡ, ಬಿಚ್ಚಬೇಕಾದ ಲೆಕ್ಕದ ಪಕ್ಕ ಒಂದು ಚುಕ್ಕಿ ಇಟ್ಟರೆ ಸಾಕು. 215ರ ಕಾಯಿಲೆಗೆ ಇದೇ ಮದ್ದು. ನಡುವೆ 47 − 27 ತರದ್ದೊಂದನ್ನು ಸೇರಿಸಿ, 7ರಲ್ಲಿ 7 ಬಂದಾಗ ಯಾರು ತಡವರಿಸುತ್ತಾರೆ ನೋಡಿ.

ಹಂತ 9: ನಡುವಿನ ಸೊನ್ನೆ

ಇದು ಮೂರನೇ ತರಗತಿಯ ಮಾತು, ಮೂರಂಕಿ ಲೆಕ್ಕ. 302 − 147. ಇಲ್ಲಿ ದೊಡ್ಡವರೂ ಬೋರ್ಡಿನ ಮುಂದೆ ಬೆವರುತ್ತಾರೆ. ನಿಮಗೂ ಧೈರ್ಯ ಸಾಲದಿದ್ದರೆ ಹಿಂದಿನ ರಾತ್ರಿ ನೀವೇ ಒಮ್ಮೆ ನೋಟು ಇಟ್ಟು ಮಾಡಿ ನೋಡಿ, ನಾಚಿಕೆ ಏನಿಲ್ಲ.

ಮೂರು ನೂರರ ನೋಟು, ಹತ್ತರದ್ದು ಒಂದೂ ಇಲ್ಲ, ಎರಡು ನಾಣ್ಯ. ಏಳು ರೂಪಾಯಿ ಕೊಡಬೇಕು. ಹತ್ತರ ನೋಟಿಲ್ಲ, ಹಾಗಾಗಿ ನೂರನ್ನು ಮುರಿಸಬೇಕು: ಉಳಿದದ್ದು ಎರಡು ನೂರು, ಬಂದದ್ದು ಹತ್ತು ಹತ್ತರ ನೋಟು. ಅದರಲ್ಲಿ ಒಂದನ್ನು ಮತ್ತೆ ಮುರಿಸಬೇಕು: ಉಳಿದದ್ದು ಒಂಬತ್ತು, ನಾಣ್ಯ ಹನ್ನೆರಡು. ಈಗ 2, 9, 12. ಕಳೆದರೆ 155. "ಸೊನ್ನೆ ಇದ್ದಕ್ಕಿದ್ದ ಹಾಗೆ 9 ಯಾಕಾಗುತ್ತೆ?" ಅನ್ನುವ ಪ್ರಶ್ನೆಗೆ ಬೇರೆ ಉತ್ತರವೇ ಬೇಡ, ಹತ್ತರಲ್ಲಿ ಒಂದನ್ನು ಚಿಲ್ಲರೆಗೆ ಕೊಟ್ಟಾಯಿತು.

ಇಲ್ಲೂ ತಪ್ಪು ಉತ್ತರ ಓದಿ. 165 ಬಂದರೆ ಸೊನ್ನೆ 10 ಆಗಿ ಅಲ್ಲೇ ನಿಂತಿದೆ, 9 ಆಗಲಿಲ್ಲ. 145 ಬಂದರೆ ನೂರರಿಂದ ನೇರ ಬಿಡಿಗೆ ಹಾರಿದ್ದಾರೆ, ಸೊನ್ನೆಯಲ್ಲಿ 4 ಹೋಗದೆ ತಲೆಕೆಳಗೆ ಮಾಡಿದ್ದಾರೆ. 245 ಬಂದರೆ ಎಲ್ಲವೂ ತಲೆಕೆಳಗು, ಹಂತ 5ಕ್ಕೆ ವಾಪಸ್.

ಹಂತ 10: ಅಂಗಡಿಯವರ ತಾಳೆ

ಉತ್ತರ ಸರಿಯೋ ತಪ್ಪೋ ಅಂತ ಮಗು ನಿಮ್ಮ ಹತ್ತಿರ ಓಡಿ ಬರಬಾರದು. 24ಕ್ಕೆ 28 ಕೂಡಿಸಿದರೆ 52 ಬರಬೇಕು, ಅದು ಗೊತ್ತಿರುವುದೇ. ಇದಕ್ಕಿಂತ ಮಕ್ಕಳಿಗೆ ಇಷ್ಟವಾಗುವುದು ಅಂಗಡಿಯವರ ರೀತಿ. ಹಳೆ ಅಂಗಡಿಯವರು ಬಾಕಿ ಕೊಡುವಾಗ ಕಳೆಯುವುದೇ ಇಲ್ಲ, ಕೂಡಿಸುತ್ತಾ ಹೋಗುತ್ತಾರೆ: 28ಕ್ಕೆ ಎರಡು ಹಾಕಿ 30, ಇಪ್ಪತ್ತು ಹಾಕಿ 50, ಇನ್ನೆರಡು ಹಾಕಿ 52. ಕೈಗೆ ಬಂದದ್ದು ಎರಡು, ಇಪ್ಪತ್ತು, ಎರಡು. ಎಷ್ಟಾಯ್ತು?

ನಿಲ್ಲಿಸಬೇಕಾದ ಸೂಚನೆಗಳು

ಮಗು ಉತ್ತರ ಬರೆಯುವ ಮೊದಲೇ ನಿಮ್ಮ ಹುಬ್ಬು ನೋಡುತ್ತಿದ್ದರೆ ಅದು ಲೆಕ್ಕ ಮಾಡುತ್ತಿಲ್ಲ, ನಿಮ್ಮನ್ನು ಓದುತ್ತಿದೆ. ಮುಖ ತಿರುಗಿಸಿ ಕೂರಿ. ಎಲ್ಲ ಲೆಕ್ಕಕ್ಕೂ ಕಣ್ಣು ಮುಚ್ಚಿ ಮೇಲಿನ ಅಂಕಿ ಹೊಡೆಯುತ್ತಿದ್ದರೆ ಹಂತ 8ಕ್ಕೆ ಹೋಗಿ. 52ರಲ್ಲಿ ಕಳೆದು 80 ತಂದರೂ "ಇದು ಹೆಂಗೆ ಜಾಸ್ತಿ ಆಯ್ತು" ಅಂತ ಅನಿಸದಿದ್ದರೆ ಒಂದು ದಿನ ಬರವಣಿಗೆ ಬಿಟ್ಟು ಬಾಯಿಲೆಕ್ಕದ ಕಥೆ ಮಾಡಿಸಿ. ಪುಸ್ತಕದಲ್ಲಿ ಉತ್ತರ ಎಲ್ಲ ಸರಿ, ಕಡ್ಡಿ ಕೊಟ್ಟರೆ ತೋರಿಸಲು ಬರುವುದಿಲ್ಲ ಅಂದರೆ ಪಕ್ಕದವನ ಪುಸ್ತಕವನ್ನೂ ಒಮ್ಮೆ ನೋಡಿ.

ಕಡ್ಡಿಯನ್ನು ನೀವಾಗಿ ಕಿತ್ತುಕೊಳ್ಳಬೇಡಿ. ಡಬ್ಬ ಬೆಂಚಿನ ಮೇಲೇ ಇರಲಿ. ಒಬ್ಬೊಬ್ಬರಾಗಿ ಮರೆಯುತ್ತಾರೆ, ಲೆಕ್ಕ ಮುಗಿದ ಮೇಲೆ ನೋಡಿದರೆ ಮುಚ್ಚಳ ತೆಗೆದೇ ಇರುವುದಿಲ್ಲ. ನಮ್ಮ ಕ್ಲಾಸಿನಲ್ಲಿ ಇಬ್ಬರು ಮಾತ್ರ ಇನ್ನೂ ತೆಗೆಯುತ್ತಾರೆ, ಒಬ್ಬನಿಗೆ ನಿಜವಾಗಿ ಬೇಕು, ಇನ್ನೊಬ್ಬ ರಬ್ಬರ್ ಬ್ಯಾಂಡ್ ಹಾರಿಸಲಿಕ್ಕೆ.